ಆಸರಿಗೆ ಎಂತ ಕೊಡ್ಲಿ?

ನಾನು ಮದುವೆಯಾಗಿ ಕೊಪ್ಪದ ಕಡೆ ಬಂದಿದ್ದು 1991ರ ಮೇ ತಿಂಗಳಲ್ಲಿ. ತವರು ಹಿರಿಯೂರು, ಅಪ್ಪಟ ಬಯಲುಸೀಮೆ. ಬಂದ ಎರಡನೇ ದಿನ ಸಂಜೆ ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು, "ಕಷಾಯ ಕುಡೀತೀಯನೇ?" ಅಂತ ಕೇಳಿದರು. ನಾನು ಗಾಬರಿಯಿಂದ, "ಇಲ್ಲ ಅತ್ತೆ, ನಂಗೆ ಜ್ವರ ಏನೂ ಇಲ್ಲ" ಅಂದುಬಿಟ್ಟೆ. ಒಳಗಿದ್ದ ನಾದಿನಿ ನಕ್ಕಿದ್ದು ಹಿತ್ತಲಿಗೂ ಕೇಳಿಸಿರಬೇಕು. ಇವತ್ತಿಗೂ ನೆಂಟರ ಮನೆಯ ಮದುವೆ-ಮುಂಜಿಗೆ ಹೋದರೆ ಯಾರಾದರೂ ಒಬ್ಬರು, "ಜ್ವರ ಇದ್ರೆ ಹೇಳೇ, ಕಷಾಯ ಮಾಡ್ತೀನಿ" ಅಂತ ಕಾಲೆಳೆಯೋದು ಬಿಟ್ಟಿಲ್ಲ.

ನಮ್ಮೂರಲ್ಲಿ ಕಷಾಯ ಅಂದರೆ ಮೂಗು ಹಿಡಿದು ಬಾಯಿಗೆ ಹುಯ್ಯೋ ಕಹಿ ಔಷಧಿ. ಇಲ್ಲಿ ಅದು ದಿನಾ ಕುಡಿಯೋ ಪಾನೀಯ ಅಂತ ನಂಗೆ ಹೇಗೆ ಗೊತ್ತಾಗಬೇಕು? ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ಒಣಶುಂಠಿ, ಒಂಚೂರು ಮೆಂತ್ಯ ಎಲ್ಲಾ ಹುರಿದು ಪುಡಿ ಮಾಡಿ ಡಬ್ಬದಲ್ಲಿ ಇಟ್ಟಿರ್ತಾರೆ. ಬೆಲ್ಲದ ನೀರು ಕುದಿಯುವಾಗ ಒಂದು ಚಮಚ ಹಾಕಿ, ಹಾಲು ಬೆರೆಸಿ ಇಳಿಸಿದರೆ ಆಯ್ತು. ಹೊರಗೆ ಮಳೆ ಹೊಡೀತಿರಬೇಕು, ಹಂಡೆ ಒಲೆ ಉರೀತಿರಬೇಕು, ಕೈಯಲ್ಲಿ ಆ ಬಿಸಿ ಲೋಟ ಇರಬೇಕು. ಎರಡನೇ ಮಳೆಗಾಲದ ಹೊತ್ತಿಗೆ ನಾನೇ ಕಾಫಿ ಬಿಟ್ಟು ಕಷಾಯ ಕೇಳೋಳಾಗಿದ್ದೆ.

ಕಷಾಯ ಹೋಗಲಿ, ನನ್ನನ್ನು ಸೋಲಿಸಿದ್ದು ಇನ್ನೊಂದು ಪದ. ಬಂದು ಒಂದು ವಾರ ಆಗಿರಬಹುದು. ಶೃಂಗೇರಿಯಿಂದ ಮಾವನವರ ದಾಯಾದಿಯೊಬ್ಬರು ಬಿಸಿಲಲ್ಲಿ ನಡೆದು ಬಂದರು. ಅತ್ತೆ ಬಚ್ಚಲಿನಿಂದಲೇ ಕೂಗಿ ಹೇಳಿದರು, "ಅವರಿಗೆ ಆಸರಿಗೆ ಕೊಡೇ!" ನಾನು ಅಡುಗೆಮನೆಗೆ ಹೋಗಿ ಆಸರಿಗೆ ಹುಡುಕಿದೆ. ನಾಗಂದಿಗೆ ಮೇಲಿನ ಡಬ್ಬಗಳನ್ನೆಲ್ಲ ಒಂದೊಂದಾಗಿ ತೆಗೆದೆ. ಹೆಸರು ಕೇಳಿದರೆ ಅದೇನೋ ಕುರುಕಲು ತಿಂಡಿ ಇರಬೇಕು ಅನ್ನಿಸಿತು. ಕೊನೆಗೆ ತಟ್ಟೆಗೆ ನಾಲ್ಕು ಕೋಡುಬಳೆ ಹಾಕಿಕೊಂಡು ಹೋಗಿ ಅವರ ಮುಂದೆ ಇಟ್ಟೆ. ಪಾಪ, ಅವರು ತಟ್ಟೆ ನೋಡಿದರು, ನನ್ನ ನೋಡಿದರು. "ಕೋಡುಬಳೆ ಆಮೇಲಾಯ್ತು ಮಾರಾಯ್ತಿ, ಮೊದ್ಲು ಗಂಟ್ಲಿಗೆ ಒಂದು ತೊಟ್ಟು ಏನಾದ್ರೂ ಹಾಕು" ಅಂದರು.

ಆಸರಿಗೆ ಅಂದರೆ ಕುಡಿಯಲಿಕ್ಕೆ. ಅಷ್ಟೇ. 'ಆಸರು-ಬೇಸರು' ಅಂತ ನಾವೆಲ್ಲ ಅಂತೀವಲ್ಲ, ಅದೇ ಆಸರು. ದಣಿವು, ಬಾಯಾರಿಕೆ. ಬೇಸರು ನಮ್ಮೂರಲ್ಲೂ ಬೇಕಾದಷ್ಟು ಉಳಿದುಕೊಂಡಿದೆ. ಆಸರು ಮಾತ್ರ ಮಲೆನಾಡಲ್ಲಿ, ಘಟ್ಟದ ಕೆಳಗೆ, ಹವ್ಯಕರ ಮನೆಗಳಲ್ಲಿ ಇನ್ನೂ ಲೋಟ ಹಿಡಿದು ನಿಂತಿದೆ. ಅವರು ಅದನ್ನೇ 'ಆಸರಿಂಗೆ' ಅಂತಾರೆ. ನೀರು, ಮಜ್ಜಿಗೆ, ಕಾಫಿ, ಪಾನಕ ಯಾವುದು ಬೇಕಾದರೂ ಆ ಒಂದು ಪದದೊಳಗೆ ಬರುತ್ತೆ. 'ಕಾಫಿ ಕುಡೀತೀರಾ?' ಅಂತ ಕೇಳಿದರೆ ಕಾಫಿಯ ವಿಚಾರ ಕೇಳಿದ ಹಾಗೆ. 'ಆಸರಿಗೆ ಎಂತ ಕೊಡ್ಲಿ?' ಅಂದರೆ ನಡೆದು ಬಂದವರ ದಣಿವನ್ನು ಕೇಳಿದ ಹಾಗೆ.

ಆಗಿನಿಂದ ಒಂದು ಹಳೇ ಡೈರಿಯಲ್ಲಿ ಪದಗಳನ್ನು ಬರೆದಿಡೋ ಅಭ್ಯಾಸ ಮಾಡಿಕೊಂಡೆ. ಬಿ.ಎ. ಓದುವಾಗ ಇಂಗ್ಲಿಷ್ ಪದಗಳನ್ನು ಬರೆದುಕೊಳ್ತಿದ್ದ ಹಾಗೆ. ಬೆಲ್ಲ-ನೀರು: ಬಂದವರು ಕೈಕಾಲು ತೊಳೆದ ಮೇಲೆ ಮೊದಲು ಕೊಡೋದು, ಬೆಲ್ಲವನ್ನು ನೀರಲ್ಲಿ ಕದಡಬಾರದು, ಚೂರು ಬಾಯಿಗೆ ಹಾಕಿಕೊಂಡು ಮೇಲಿಂದ ನೀರು ಕುಡೀಬೇಕು (ನಾನು ಒಮ್ಮೆ ಕದಡಿ ತಂದು ಕೊಟ್ಟಿದ್ದೇನೆ, ಅದೂ ಒಂದು ಕಥೆ). ಮುರುಗಲು: ಒಣಗಿಸಿಟ್ಟ ಸಿಪ್ಪೆ ನೆನೆಹಾಕಿ ಬೆಲ್ಲ ಬೆರೆಸಿದ ಕೆಂಪು ಪಾನಕ. ಇದನ್ನೇ ಮಂಗಳೂರು ಕಡೆಯವರು ಪುನರ್ಪುಳಿ ಅಂತಾರೆ, ಪೇಟೆ ಅಂಗಡಿಯಲ್ಲಿ ಕೋಕಂ ಅಂತ ಬಾಟಲಿಯಲ್ಲಿ ಸಿಗುತ್ತೆ. ಬೀಜದಿಂದ ತುಪ್ಪ ತೆಗೆದು ಒಡೆದ ಹಿಮ್ಮಡಿಗೆ ಹಚ್ಚಿಕೊಳ್ಳೋದೂ ಉಂಟು. ಎಳ್ಳು ಪಾನಕ. ಲಾವಂಚದ ಬೇರು ಹಾಕಿಟ್ಟ ನೀರು. ಆಲೆಮನೆಯಲ್ಲಿ ಸಿಗೋದು ಕಬ್ಬಿನ ರಸ ಅಲ್ಲ, ಕಬ್ಬಿನ ಹಾಲು. ಆ 'ಹಾಲು' ಅನ್ನೋ ಪದಕ್ಕೆ ನಾನು ಸೋತುಹೋದೆ. ನಮ್ಮ ಕಡೆ ಪಾನಕ ಅಂದರೆ ರಾಮನವಮಿಗೆ ಒಂದು ದಿನ. ಇಲ್ಲಿ ಮಾರ್ಚಿಯಿಂದ ಮೊದಲ ಮಳೆ ಬೀಳೋವರೆಗೂ ಪಾನಕವೇ.

ಪದ ಕಲಿತ ಮೇಲೆ ಕುಡಿಯೋ ರೀತಿ ಕಲೀಬೇಕು. ಎತ್ತಿ ಕುಡಿಯೋದು, ಕಚ್ಚಿ ಕುಡಿಯೋದು. ಲೋಟ ತುಟಿಗೆ ತಾಗಿದರೆ ಕಚ್ಚಿ ಕುಡಿದ ಹಾಗೆ, ಆ ಲೋಟ ಎಂಜಲು. ಬಿಸಿ ಕಾಫಿಯನ್ನೂ ಎತ್ತಿ ಕುಡಿಯೋ ನಮ್ಮ ಮಾವನವರ ಕಲೆ ನಂಗೆ ಮೂವತ್ತು ವರ್ಷವಾದರೂ ಬರಲಿಲ್ಲ. ತೀರ್ಥವನ್ನು ಮಾತ್ರ ಯಾರೂ 'ಕುಡಿಯೋದಿಲ್ಲ', 'ತಗೊಳ್ತಾರೆ'. ನನ್ನ ಮಗ ಚಿಕ್ಕವನಿದ್ದಾಗ ಶೃಂಗೇರಿಯಲ್ಲಿ ಶಾರದಾಂಬೆ ದೇವಸ್ಥಾನದಿಂದ ಹೊರಗೆ ಬರುತ್ತಾ, "ಅಮ್ಮ, ಇನ್ನೊಂದು ಸಲ ತೀರ್ಥ ಕುಡ್ಕೊಂಡು ಬರ್ಲಾ?" ಅಂತ ಗಟ್ಟಿಯಾಗಿ ಕೇಳಿ ಅಜ್ಜಿಯ ಕೈಲಿ ಬೈಸಿಕೊಂಡಿದ್ದ.

ಆ ಡೈರಿಯಲ್ಲಿ ಬರೆಯದೇ ಬಿಟ್ಟಿದ್ದೂ ಇದೆ. ಬಗನಿ ಮರದ ಕಳ್ಳಿನ ಬಗ್ಗೆ ನಂಗೆ ಕುವೆಂಪು ಕಾದಂಬರಿ ಓದಿ ಗೊತ್ತಿತ್ತೇ ಹೊರತು (ಕುವೆಂಪು ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಅವರ ತಾಯಿಯ ಮನೇಲಿ), ಅದರ ಮಾತು ನಮ್ಮ ಮನೆಯ ಅಂಗಳ ದಾಟಿ ಒಳಗೆ ಬರ್ತಿರಲಿಲ್ಲ. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ಮಾರಾಟ ನಿಲ್ಲಿಸಿದಾಗ ತೋಟದ ಕೆಲಸಕ್ಕೆ ಬರ್ತಿದ್ದ ಹೆಂಗಸರು ಬಾವಿಕಟ್ಟೆ ಹತ್ತಿರ ಕೂತು ಸಮಾಧಾನದಿಂದ ಮಾತಾಡಿಕೊಂಡಿದ್ದು ಮಾತ್ರ ನೆನಪಿದೆ. ಆ ಸಮಾಧಾನ ಬಹಳ ದಿನ ಉಳೀಲಿಲ್ಲ, ಪೇಟೆಯಲ್ಲಿ ಬೇರೆ ಬಾಟಲಿ ಸಿಗ್ತಿತ್ತಲ್ಲ.

ಮತ್ತೆ ಲೋಟಗಳು. ನಾನು ಬಂದ ಹೊಸತರಲ್ಲಿ ಹಿತ್ತಲ ಕಟ್ಟೆ ಮೇಲೆ ಕೆಲಸದವರ ಲೋಟಗಳನ್ನು ಬೇರೆಯಾಗಿ ಕವುಚಿಟ್ಟಿರುತ್ತಿದ್ದರು. ಅವರೇ ತೊಳೆದು ಅಲ್ಲೇ ಇಡಬೇಕು. ಅದಕ್ಕೂ ಹಿಂದೆ ತೆಂಗಿನ ಕರಟ ಇತ್ತಂತೆ. ಹತ್ತು ಗಂಟೆಗೆ ಎಲ್ಲರಿಗೂ ಬೆಲ್ಲದ ಕಾಫಿ ಹುಯ್ಯೋದು, ಅಷ್ಟೇ. ಅವರನ್ನು ಯಾರೂ 'ಆಸರಿಗೆ ಎಂತ ಕೊಡ್ಲಿ' ಅಂತ ಕೇಳ್ತಿರಲಿಲ್ಲ. ಅವರಿಗಿಂತ ಹೆಚ್ಚು ಆಸರು ಇನ್ಯಾರಿಗೆ ಇದ್ದೀತು? ಆಗ ನಂಗೂ ಅದು ಹೊಳೀಲಿಲ್ಲ. ಹೊಸ ಸೊಸೆ ಬೇರೆ.

ಈ ಆಸರಿಗೆ ಕೊಡೋದರಲ್ಲಿ ಒಂದು ಲೆಕ್ಕ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳಿಕೊಡೋದಿಲ್ಲ. ಮೊದಲ ಸಲ ಕೇಳಿದಾಗ ಬಂದವರು 'ಬೇಡ' ಅಂತಾರೆ. ಅದು ಬೇಡ ಅಲ್ಲ. ಎರಡನೇ ಸಲ, "ಈಗ ತಾನೇ ಕುಡ್ಕಂಡು ಬಂದೆ" ಅಂತಾರೆ. ಅದೂ ಬೇಡ ಅಲ್ಲ. ಮೂರನೇ ಸಲ, "ಒಂದು ಅರ್ಧ ಲೋಟ ಮಜ್ಜಿಗೆ ಆದ್ರೂ?" ಅಂದಾಗ, "ಸರಿ, ನಿಮ್ಮ ಒತ್ತಾಯಕ್ಕೆ" ಅಂತ ಪೂರ್ತಿ ಲೋಟ ಕುಡೀತಾರೆ. ಮೂರನೇ ಸಲವೂ ಬೇಡ ಅಂದರೆ ಮಾತ್ರ ಬೇಡ. ನಾನು ಹಿರಿಯೂರಿನವಳು, ಒಂದೇ ಸಲಕ್ಕೆ ನಂಬಿಬಿಡ್ತಿದ್ದೆ. ಮೊದಲ ವರ್ಷ ಎಷ್ಟು ಜನ ನಮ್ಮ ಮನೆಯಿಂದ ಬಾಯಾರಿಕೊಂಡೇ ಹೋದರೋ.

ಇಷ್ಟೆಲ್ಲ ಯಾಕೆ ನೆನಪಾಯ್ತು ಅಂದರೆ, ಹೋದ ವರ್ಷ ನಮ್ಮತ್ತೆ ನೀರು ಕುಡಿಯೋದು ಬಿಟ್ಟರು.

ಅವರಿಗೀಗ ಎಂಬತ್ತೇಳು. ಮಳೆಗಾಲದ ಶುರುವಿನಲ್ಲಿ ಬಚ್ಚಲ ಹತ್ತಿರ ಜಾರಿಬಿದ್ದು ಸೊಂಟದ ಮೂಳೆ ಮುರೀತು, ಆಪರೇಷನ್ ಆಯ್ತು, ಮನೆಗೆ ಬಂದರು. ನಂತರ ಮಾತು ಕಡಿಮೆ ಆಯ್ತು. ಮಧ್ಯಾಹ್ನವನ್ನು ರಾತ್ರಿ ಅಂದರು, ನನ್ನ ಗುರುತು ತಪ್ಪಿದರು. ನಾವೆಲ್ಲ ಮರೆವಿನ ಕಾಯಿಲೆ ಶುರುವಾಯ್ತು ಅಂದುಕೊಂಡ್ವಿ. ಮತ್ತೆ ಆಸ್ಪತ್ರೆಗೆ ಕರಕೊಂಡು ಹೋದರೆ ಡಾಕ್ಟರು ರಕ್ತ ಪರೀಕ್ಷೆ ನೋಡಿ, ಮೈಯಲ್ಲಿ ನೀರೇ ಇಲ್ಲ, ಜೊತೆಗೆ ಮೂತ್ರದ ಸೋಂಕು ಅಂದರು. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗೋದೇ ಕಮ್ಮಿಯಾಗುತ್ತಂತೆ. ಒಣಗಿದ ಮೈ ಮಿದುಳನ್ನೂ ಮಂಕು ಮಾಡುತ್ತಂತೆ. ಡ್ರಿಪ್ ಹಾಕಿದ ಎರಡನೇ ದಿನವೇ ಅತ್ತೆ ನನ್ನ ನೋಡಿ, "ನೀನು ಊಟ ಮಾಡಿದ್ಯನೇ?" ಅಂದರು. ನಾನು ಹೊರಗೆ ಹೋಗಿ ಅತ್ತೆ.

ದಿನಕ್ಕೆ ಒಂದೂವರೆ ಲೀಟರ್ ಆದರೂ ಒಳಗೆ ಹೋಗಲೇಬೇಕು ಅಂತ ಡಾಕ್ಟರು ಹೇಳಿ ಕಳಿಸಿದರು. ಹೇಳೋದು ಸುಲಭ. ನಾನು ಬಾಟಲಿಗೆ ಗೆರೆ ಹಾಕಿಟ್ಟೆ, ಮೊಬೈಲಲ್ಲಿ ಗಂಟೆಗೊಮ್ಮೆ ಅಲಾರಂ ಇಟ್ಟೆ. "ಅತ್ತೆ, ನೀರು ಕುಡೀರಿ." "ಬೇಡ." "ಡಾಕ್ಟರು ಹೇಳಿದಾರೆ, ಕುಡೀಲೇಬೇಕು." ಬಾಯಿ ಮುಚ್ಚಿಕೊಂಡು ಗೋಡೆ ಕಡೆ ತಿರುಗೋರು. ಸಂಜೆ ಹೊತ್ತಿಗೆ ಬಾಟಲಿ ಮೊದಲ ಗೆರೆಯನ್ನೂ ದಾಟಿರುತ್ತಿರಲಿಲ್ಲ. ಒಮ್ಮೆ ಸಿಟ್ಟು ತಡೀಲಾರದೆ ಚಮಚದಲ್ಲಿ ಬಾಯಿಗೆ ಹುಯ್ದೆ. ಅವರು ಉಗಿದರು. ಅದನ್ನು ಬರೀಬಾರದು ಅಂದುಕೊಂಡಿದ್ದೆ, ಆದರೆ ವಯಸ್ಸಾದವರನ್ನು ನೋಡಿಕೊಳ್ಳುತ್ತಿರೋ ಓದುಗರಿಗೆ ಅರ್ಥ ಆಗುತ್ತೆ.

ಆಗ ನಮ್ಮ ಮನೆಗೆ ಬಂದವರು ಚೇಚಿ. ನರಸಿಂಹರಾಜಪುರದವರು. ಅಲ್ಲಿಯ ಹಳಬರು ಇನ್ನೂ ಎಡೇಹಳ್ಳಿ ಅಂತಲೇ ಕರೆಯೋ ಊರು ಅದು; ಮೈಸೂರಿನ ಯುವರಾಜರ ಹೆಸರು ಆಮೇಲೆ ಬಂದಿದ್ದು. ಕೇರಳದಿಂದ ಬಂದು ಆ ತಾಲ್ಲೂಕಲ್ಲಿ ತೋಟ ಮಾಡಿಕೊಂಡು ನೆಲೆಸಿದ ಕ್ರಿಶ್ಚಿಯನ್ ಕುಟುಂಬಗಳು ತುಂಬಾ. ಚೇಚಿಯ ಅಪ್ಪ-ಅಮ್ಮ ಹಾಗೆ ಬಂದವರು. ಇವರು ಇಲ್ಲೇ ಹುಟ್ಟಿ ಕನ್ನಡ ಶಾಲೆಯಲ್ಲೇ ಓದಿದವರು, ಮನೆಮಾತು ಮಾತ್ರ ಮಲಯಾಳ. ವಯಸ್ಸಾದವರನ್ನು ನೋಡಿಕೊಂಡು ಅನುಭವ ಇತ್ತು. ಚೇಚಿ ಅಂದರೆ ಅಕ್ಕ. ನಮ್ಮ ಮನೆಯಲ್ಲಿ ಎಲ್ಲರಿಗೂ ಅವರು ಚೇಚಿಯೇ. ಅತ್ತೆಯನ್ನು ಅವರು ಕರೆಯೋದು ಅಮ್ಮಚ್ಚಿ ಅಂತ.

ಮೊದಲ ದಿನವೇ ಒಂದು ತಮಾಷೆ ಆಯ್ತು. ಚೇಚಿ ಫೋನಲ್ಲಿ ಮಗಳ ಹತ್ತಿರ, ಅಮ್ಮಚ್ಚಿ ವೆಳ್ಳಂ ಕುಡಿಯೋದಿಲ್ಲ ಅಂತ ಏನೋ ಮಲಯಾಳದಲ್ಲಿ ಹೇಳ್ತಿದ್ದರು. ಮಲಗಿದ್ದ ಅತ್ತೆ ಕಣ್ಣು ಬಿಟ್ಟು, "ಅವಳಿಗೆ ಬೆಲ್ಲ ಬೇಕಂತೆ, ಕೊಡೇ" ಅಂದರು. ವೆಳ್ಳಂ ಅಂದರೆ ನೀರು. ಅತ್ತೆಯ ಕಿವಿಗೆ ಅದು ಬೆಲ್ಲ. ನೀರೂ ಬೆಲ್ಲವೂ ಜೊತೆಗೇ ಬರೋ ಮನೆಯಲ್ಲಿ ಅದೇನು ದೊಡ್ಡ ತಪ್ಪಲ್ಲ. ನಮ್ಮ ತೋಟದ ಕೆಲಸಕ್ಕೆ ಘಟ್ಟದ ಕೆಳಗಿನಿಂದ ಬರೋ ತುಳುವಿನವರೊಬ್ಬರಿಗೆ ಈ ಕಥೆ ಹೇಳಿದರೆ, ಅವರು ತಮ್ಮ ಭಾಷೆಯಲ್ಲಿ ನೆರೆಗೆ ಬೊಳ್ಳ ಅಂತೀವಿ ಅಂದರು. ನನ್ನ ಡೈರಿ ಇಪ್ಪತ್ತು ವರ್ಷದ ಮೇಲೆ ಮತ್ತೆ ಹೊರಗೆ ಬಂತು.

ಚೇಚಿ ಹೊಸ ಹೊಸ ಪದ ತಂದರು. ಕಟ್ಟನ್ ಚಾಯ ಅಂದರೆ ಹಾಲಿಲ್ಲದ ಟೀ. ಕಂಞಿವೆಳ್ಳಂ ಅಂದರೆ ನಮ್ಮ ಗಂಜಿ ತಿಳಿ. ಚುಕ್ಕು ಕಾಪ್ಪಿ ಅಂದರೆ ಒಣಶುಂಠಿ, ಕಾಳುಮೆಣಸು, ತುಳಸಿ, ಬೆಲ್ಲ ಹಾಕಿ ಕುದಿಸಿದ ಕಾಫಿ. ನಮ್ಮ ಕಷಾಯಕ್ಕೆ ಕಾಫಿಪುಡಿ ಬಿದ್ದ ಹಾಗೆ. ಅವರ ಫ್ಲಾಸ್ಕಿನಲ್ಲಿ ಯಾವಾಗಲೂ ತೆಳು ಗುಲಾಬಿ ಬಣ್ಣದ ನೀರು. ಮೊದಲು ಮುರುಗಲು ಅಂದುಕೊಂಡೆ, ಹುಳಿ ಇಲ್ಲ. ಪದಿಮುಖಂ ಅಂತ ಒಂದು ಮರದ ಚಕ್ಕೆ ಹಾಕಿ ಕುದಿಸಿದ್ದು. ನಮ್ಮಲ್ಲಿ ಅದಕ್ಕೆ ಸಪ್ಪಂಗ ಮರ ಅಂತಾರೆ. ಕೇರಳದ ಹೋಟೆಲುಗಳಲ್ಲಿ ಊಟದ ಜೊತೆ ಬರೋದು ಅದೇ ನೀರು.

ಇದನ್ನು ಕೇಳಿ ಕಣ್ಣರಳಿಸಿದವನು ನನ್ನ ನಾದಿನಿಯ ಮಗ. ಕೆಲಸದ ಮೇಲೆ ಎರಡು ವರ್ಷ ಜಾವಾ ದ್ವೀಪದ ಯೋಗ್ಯಕರ್ತದಲ್ಲಿ ಇದ್ದು ಬಂದವನು, ಅಜ್ಜಿಯನ್ನು ನೋಡಲಿಕ್ಕೆ ಬಂದಿದ್ದ. ಅಲ್ಲಿ 'ವೆಡಾಂಗ್ ಉವುಹ್' ಅಂತ ಒಂದು ಬಿಸಿ ಪಾನೀಯ ಇದೆಯಂತೆ. ವೆಡಾಂಗ್ ಅಂದರೆ ಬಿಸಿಬಿಸಿ ಕುಡಿಯೋ ಪಾನೀಯ, ಉವುಹ್ ಅಂದರೆ ಕಸ. ಶುಂಠಿ, ಲವಂಗದೆಲೆ, ದಾಲ್ಚಿನ್ನಿ ಎಲೆ, ಜಾಯಿಕಾಯಿ ಎಲೆ ಎಲ್ಲಾ ಲೋಟದಲ್ಲೇ ಕಾಣುವುದರಿಂದ ಕಸದ ಕಷಾಯ! ಅದಕ್ಕೆ ಕೆಂಪು ಬಣ್ಣ ಬರೋದು ಇದೇ ಸಪ್ಪಂಗದ ಚಕ್ಕೆಯಿಂದ. ನಮ್ಮ ಜಿಲ್ಲೆಯವರು ಬಾಬಾಬುಡನ್‌ಗಿರಿ ಕಾಫಿ ಅಂತ ಹೆಮ್ಮೆ ಪಡ್ತೀವಲ್ಲ, ಜಾವಾಕ್ಕೂ ಕಾಫಿ ಹೋಗಿದ್ದು ಈ ಪಶ್ಚಿಮ ಕರಾವಳಿಯಿಂದಲೇ. 1696ರಲ್ಲಿ ಡಚ್ಚರು ಮಲಬಾರಿನಿಂದ ಕಾಫಿ ಗಿಡ ಒಯ್ದು ನೆಟ್ಟರು, ಅವು ಪ್ರವಾಹಕ್ಕೆ ಹೋದವು, 1699ರಲ್ಲಿ ಮತ್ತೆ ಒಯ್ದರು. ಅಲ್ಲಿಯವರು ಈಗ ಪುಡಿ, ಸಕ್ಕರೆ ಲೋಟಕ್ಕೆ ಹಾಕಿ ಮೇಲಿಂದ ಕುದಿಯೋ ನೀರು ಹುಯ್ದು, ಸೋಸದೆ, ಗಸಿ ಕೆಳಗೆ ಕೂತ ಮೇಲೆ ಕುಡೀತಾರಂತೆ. ನಮ್ಮ ಅತ್ತೆಗೆ ಹೇಳಿದರೆ, "ಬಟ್ಟೆ ಇಲ್ವನಾ ಅವರ ಮನೇಲಿ, ಸೋಸಕ್ಕೆ?" ಅಂದರು.

ಅವನು ಹೇಳಿದ ಇನ್ನೊಂದು ವಿಷಯ ನನ್ನ ತಲೇಲಿ ಕೂತಿತು. ಜಾವಾದ ಮಾತಿನಲ್ಲಿ ಕುಡಿಯೋದಕ್ಕೆ ಒಂದೇ ಪದ ಇಲ್ಲ. ಗೆಳೆಯರು, ಮಕ್ಕಳು ಕುಡಿದರೆ ಙೊಂಬೆ. ಹಿರಿಯರು, ಮರ್ಯಾದಸ್ಥರು ಕುಡಿದರೆ ಙುಂಜುಕ್. (ಒಂದನೇ ಕ್ಲಾಸಿನಿಂದ ಸುಮ್ಮನೆ ಕೂತಿದ್ದ ನಮ್ಮ ಙ ಅಕ್ಷರಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು ನೋಡಿ.) ತನ್ನ ವಿಷಯ ಹೇಳಿಕೊಳ್ಳುವಾಗ ಆ ಮರ್ಯಾದೆಯ ಪದ ಬಳಸೋ ಹಾಗಿಲ್ಲ. ಇವನು ಹೊಸತರಲ್ಲಿ ಮನೆ ಮಾಲೀಕರ ತಾಯಿಗೆ 'ಙೊಂಬೆ' ಅಂದು, ಆ ಅಜ್ಜಿ ನಕ್ಕು ತಿದ್ದಿದರಂತೆ. ಇನ್ನೂ ಒಂದು: ಅಲ್ಲಿ ನೆಂಟರ ಮುಂದೆ ಲೋಟ ತಂದಿಟ್ಟರೂ ಅವರು ಮುಟ್ಟೋದಿಲ್ಲ. ಮನೆಯವರು 'ಮೊಂಗ್ಗೊ', ಅಂದರೆ ದಯಮಾಡಿ ತಗೊಳ್ಳಿ, ಅನ್ನೋವರೆಗೂ ಕಾಯ್ತಾರೆ. "ನಾನು ಗೊತ್ತಿಲ್ದೆ ಒಂದು ಮನೇಲಿ ಅರ್ಧ ಗಂಟೆ ಟೀ ಎದ್ರಿಗಿಟ್ಕಂಡು ಕೂತಿದ್ದೆ ಮಾಮಿ, ನನ್ನ ಜೊತೆ ಬಂದೋರು ಯಾರೂ ಮುಟ್ಲಿಲ್ಲ ಅಂತ" ಅಂದ.

ಅವತ್ತು ರಾತ್ರಿ ಚೇಚಿ ಅತ್ತೆಗೆ, "ಅಮ್ಮಚ್ಚಿ, ನೀರು ಕುಡೀರಿ" ಅಂದರು. "ಬೇಡ" ಅಂದರು ಅತ್ತೆ. ಚೇಚಿ ಲೋಟ ಕೆಳಗಿಟ್ಟು ಪುಸ್ತಕದಲ್ಲಿ ಗುರುತು ಹಾಕಿಕೊಂಡರು. ನಾನು ಬಾಗಿಲಲ್ಲಿ ನಿಂತಿದ್ದೆ. ಇದನ್ನು ಎಷ್ಟು ಸಲ ನೋಡಿದ್ದೇನೋ ಏನೋ, ಅವತ್ತು ಮಾತ್ರ ಕಾಣಿಸಿತು. ನಾವೆಲ್ಲ ಒಂದೇ ಸಲ ಕೇಳ್ತಿದ್ವಿ. ಒಂದೇ ಸಲದ 'ಬೇಡ'ವನ್ನು ಬರೆದುಕೊಳ್ತಿದ್ವಿ. ಆಮೇಲೆ ಬೈತಿದ್ವಿ. ಎಪ್ಪತ್ತು ವರ್ಷ ಬಂದವರಿಗೆಲ್ಲ ಮೂರು ಸಲ ಕೇಳಿ ಕೊಟ್ಟ ಹೆಂಗಸು, ಈಗ ತಾನು ಮಲಗಿದ ಮನೆಯಲ್ಲಿ ನೆಂಟರ ಹಾಗೆ ಸಂಕೋಚದಿಂದ ಬೇಡ ಅಂತಿದ್ದಾರೆ.

ಚೇಚಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ನಮ್ಮಲ್ಲೂ ವೇಂಡ ಅಂದ್ರೆ ವೇಂಡ ಅಲ್ಲ" ಅಂದರು. ವೇಂಡ ಅಂದರೆ ಬೇಡ. ಅಲ್ಲೂ ವ, ಇಲ್ಲಿ ಬ. ಮರುದಿನ ಅವರ ಪುಸ್ತಕದ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ 'ಆಸರಿಗೆ' ಅಂತ ಬರೆದುಕೊಂಡಿದ್ದರು, ಕೆಳಗೆ ಕಷಾಯ, ಮುರುಗಲು, ಮಜ್ಜಿಗೆ, ಗಂಜಿ ತಿಳಿ.

"ಅಮ್ಮಚ್ಚಿ, ಆಸರಿಗೆ ಎಂತ ಕೊಡ್ಲಿ?" ಅತ್ತೆ ತಿರುಗಿ ನೋಡಿದರು. "ಎಂತದೂ ಬೇಡ." "ಮಜ್ಜಿಗೆ ಆದ್ರೂ?" "ಈಗ ಕುಡ್ದೆನಲ್ಲ." ಕುಡಿದಿರಲಿಲ್ಲ. "ಅರ್ಧ ಲೋಟ. ನನ್ನ ಜೊತೆಗೆ." ಅತ್ತೆ ಕೈ ಚಾಚಿದರು.

ಇಷ್ಟಕ್ಕೇ ಎಲ್ಲ ಸರಿಹೋಯ್ತು ಅಂತ ಬರೆದರೆ ಸುಳ್ಳಾಗುತ್ತೆ. ಮೂರು ದಿನ ಚೆನ್ನಾಗಿ ಕುಡಿದರು, ಆಮೇಲೆ ಮಧ್ಯಾಹ್ನ ಮೂರು ಗಂಟೆ ಮೇಲೆ ಎಷ್ಟು ಸಲ ಕೇಳಿದರೂ ಬೇಡವೇ. ನಿಜವಾದ ಬೇಡ. ಕಾರಣ ಕಂಡುಹಿಡಿದದ್ದೂ ಚೇಚಿಯೇ. ಕುಡಿದರೆ ರಾತ್ರಿ ಎದ್ದು ಹೋಗಬೇಕು. ಯಾರನ್ನಾದರೂ ಎಬ್ಬಿಸಬೇಕು. ಮೊದಲಿನ ಬಚ್ಚಲು ಹಿತ್ತಲ ಕಡೆ, ಜಾರಿಬಿದ್ದ ಜಾಗವೇ ಅದು. ಮಗನನ್ನು ಎಬ್ಬಿಸಲಿಕ್ಕೆ ನಾಚಿಕೆ, ನನ್ನನ್ನು ಎಬ್ಬಿಸಲಿಕ್ಕೆ ಸಂಕೋಚ. ಅದಕ್ಕೆ ಗಂಟಲು ಒಣಗಿಸಿಕೊಂಡೇ ಮಲಗ್ತಿದ್ದರು. ಒಂದು ವರ್ಷದಿಂದ. ಇದನ್ನು ನಮಗೆ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಮಂಚದ ಪಕ್ಕಕ್ಕೆ ಕಮೋಡ್ ಕುರ್ಚಿ ತಂದಿಟ್ವಿ. ಕುಡಿಯೋದರಲ್ಲಿ ಮುಕ್ಕಾಲು ಭಾಗ ಬೆಳಗ್ಗೆಯಿಂದ ಮಧ್ಯಾಹ್ನದ ಒಳಗೆ ಮುಗಿಸೋ ಹಾಗೆ ಮಾಡಿದ್ವಿ. ಈ ಉಪಾಯ ಹೊಳೆದದ್ದು ಎಡೇಹಳ್ಳಿಯ ಜೈನ ಗೆಳತಿಯೊಬ್ಬರ ಮನೆ ನೆನಪಾಗಿ. ಸಿಂಹನಗದ್ದೆ ಬಸದಿಗೆ, ಜ್ವಾಲಾಮಾಲಿನಿ ಅಮ್ಮನವರ ದರ್ಶನಕ್ಕೆ ಹೋದಾಗೆಲ್ಲ ಅವರ ಮನೆಗೆ ಹೋಗ್ತಿದ್ದೆ. ಅವರ ಅತ್ತೆ ಹೊತ್ತು ಮುಳುಗಿದ ಮೇಲೆ ಒಂದು ತೊಟ್ಟು ನೀರನ್ನೂ ಮುಟ್ಟೋರಲ್ಲ, ಸೋಸದ ನೀರು ಕುಡಿಯೋರಲ್ಲ. ಆದರೆ ಐದು ಗಂಟೆಗೆ ಕೂತು ಬೇಕಾದಷ್ಟು ಕುಡಿದು ಮುಗಿಸೋರು. ಬಂದವರಿಗೂ ಹೊತ್ತು ಮುಳುಗೋ ಮುಂಚೆ ತಗೊಂಡುಬಿಡಿ ಅಂತ ಅವಸರ ಮಾಡೋರು.

ಈಗ ನಮ್ಮ ಮನೆಯ ಲೆಕ್ಕ ಹೀಗಿದೆ. ಬೆಳಗ್ಗೆ ಎದ್ದಕೂಡಲೇ ಬೆಲ್ಲ-ನೀರು. ಅತ್ತೆಗೆ ಸಕ್ಕರೆ ಕಾಯಿಲೆ ಇಲ್ಲ. ಇರೋರು ಇದನ್ನು ಅನುಸರಿಸಬೇಡಿ. ಕಾಫಿ ಒಂದೇ ಲೋಟ. ಹತ್ತು ಗಂಟೆಗೆ ಗಂಜಿ ತಿಳಿಗೆ ಉಪ್ಪು. ಊಟಕ್ಕೆ ತಂಬುಳಿ, ಅದೂ ತೆಳ್ಳಗೆ, ಕುಡಿಯೋ ಹಾಗೆ. ತಂಬುಳಿಯನ್ನೂ ಒಂದೂವರೆ ಲೀಟರಿನ ಲೆಕ್ಕಕ್ಕೆ ಸೇರಿಸಬಹುದು ಅಂತ ಡಾಕ್ಟರು ಒಪ್ಪಿದ ದಿನ ನಂಗೆ ಪರೀಕ್ಷೆ ಪಾಸಾದಷ್ಟು ಖುಷಿ. ಮೂರು ಗಂಟೆಗೆ ಮುರುಗಲು ಪಾನಕ, ಮಳೆ ಇದ್ದರೆ ಕಷಾಯ. ಆಮೇಲೆ ಮಾತ್ರೆಗೆ ಬೇಕಾದಷ್ಟು ನೀರು. ಹೃದಯ, ಮೂತ್ರಪಿಂಡದ ತೊಂದರೆ ಇರೋರಿಗೆ ಲೆಕ್ಕ ಬೇರೆ ಇರುತ್ತೆ, ನಿಮ್ಮ ಡಾಕ್ಟರನ್ನು ಕೇಳಿಯೇ ಮಾಡಿ.

ಹೋದ ಮಾರ್ಚಿಯಲ್ಲಿ ಚೇಚಿ ನಾಲ್ಕು ದಿನ ರಜೆ ಮೇಲೆ ಊರಿಗೆ ಹೋಗಿದ್ದರು. ವಾಪಸ್ಸು ಬರೋ ದಿನ ಬಸ್ಸು ಕೈಕೊಟ್ಟು, ಮಧ್ಯಾಹ್ನದ ಬಿಸಿಲಲ್ಲಿ ಮುಖ್ಯರಸ್ತೆಯಿಂದ ನಡೆದೇ ಬಂದರು. ಮುಖ ಕೆಂಪಾಗಿತ್ತು. ಚೀಲ ಇಟ್ಟು ಸೀದಾ ಅತ್ತೆಯ ಮಂಚದ ಹತ್ತಿರ ಹೋಗಿ ಕೂತರು. ಅತ್ತೆ ಅವರ ಕೈ ಹಿಡಿದುಕೊಂಡು ನನ್ನನ್ನು ಕೂಗಿದರು.

"ಇವಳಿಗೆ ಆಸರಿಗೆ ಕೊಟ್ಯನೇ?"

"ಬೇಡ ಅಮ್ಮಚ್ಚಿ, ಬಸ್ಸಲ್ಲಿ ಕುಡಿದೆ" ಅಂದರು ಚೇಚಿ.

ನಾನು ಸುಮ್ಮನೆ ನಿಂತಿದ್ದೆ. ಅತ್ತೆ ನನ್ನ ಕಡೆ ತಿರುಗಿ, ಮೊದಲಿನ ದನಿಯಲ್ಲೇ ಗದರಿದರು. "ನಿಂತ್ಕಂಡು ಎಂತ ನೋಡ್ತೀಯ? ಇನ್ನೆರಡು ಸಲ ಕೇಳು."